ಕೈಗುಣ

ಫೆಬ್ರವರಿ 9, ಭಾನುವಾರ

ಇವತ್ತೂ ಆರು ಗಂಟೆಗೇ ಎದ್ದು ಹೋದದ್ದು. ಮೊಣಕಾಲಿಗೆ ಪಟ್ಟಿ, ಚೀಲದಲ್ಲಿ ನಾಲ್ಕು ಡಿಸ್ಕು, ಒಂದು ಬಾಟಲಿ ನೀರು. ಇವರು ಹಾಸಿಗೆಯಿಂದಲೇ — "ತಟ್ಟೆ ಎಸೆಯೋಕೆ ಹೊರಟ್ಯಾ? ಮನೇಲಿ ತೊಳೆಯೋ ತಟ್ಟೆ ಸಾಲದಾ?" ನಗದೆ ಬಾಗಿಲು ಎಳೆದುಕೊಂಡು ಹೊರಟೆ. ಗಂಡನ ಜೋಕಿಗೆ ಒಮ್ಮೆ ನಕ್ಕರೆ ಅದೇ ಜೋಕು ನಾಳೆಯೂ ಬರುತ್ತದೆ.

ಮೈದುನ ಕಟ್ಟಿಸುತ್ತಿರುವ ಡಿಸ್ಕ್ ಗಾಲ್ಫ್ ಕೋರ್ಸು ಅರ್ಧವೂ ಆಗಿಲ್ಲ. ಚೆಂಡಿನ ಬದಲು ತಟ್ಟೆಯಂಥ ಡಿಸ್ಕನ್ನು ದೂರದ ಬುಟ್ಟಿಗೆ ಎಸೆಯುವ ಆಟ. ಹಳೆಯ ಕಲ್ಲು ಕ್ವಾರಿ ಅದು. ಕೆಲವು ಗುರಿಗಳಿಗೆ ಮಾತ್ರ ಸರಪಳಿ ತೂಗುವ ಬುಟ್ಟಿ ಬಂದಿದೆ. ಉಳಿದ ಕಡೆ ಕಬ್ಬಿಣದ ಕಂಬಕ್ಕೆ ಕಟ್ಟಿದ ಪ್ಲಾಸ್ಟಿಕ್ ಬಕೆಟ್ಟು. ಡಿಸ್ಕು ಹೋಗಿ ಡಬ್ ಅಂತ ಬಡಿದರೆ ಬಿತ್ತು ಎಂದೇ ಲೆಕ್ಕ. ಸದ್ಯಕ್ಕೆ ನಾನೊಬ್ಬಳೇ ಗಿರಾಕಿ. ಆಡಿ ನೋಡಿ, ಎಲ್ಲಿ ಕಾಲು ಜಾರುತ್ತದೆ, ಎಲ್ಲಿ ಸೊಂಟ ಹಿಡಿಯುತ್ತದೆ ಎಂದು ಅವನಿಗೆ ಹೇಳಬೇಕು. ಅತ್ತಿಗೆ ಫಿಸಿಯೋ ಆದದ್ದಕ್ಕೆ ಇಷ್ಟಾದರೂ ಉಪಯೋಗ ಬೇಡವೇ!

ನಿಂತು ಎಸೆಯುವ ಸಿಮೆಂಟ್ ಚಪ್ಪಡಿಗೆ ಈ ಆಟದಲ್ಲಿ 'ಟೀ' ಎನ್ನುತ್ತಾರೆ. ಅದನ್ನು ಹಾಕುವ ಮೇಸ್ತ್ರಿಗೆ ಇದೇ ತಮಾಷೆ. "ಅಕ್ಕಾ, ಮೂರು ಟೀ ಹಾಕಿದ್ದಾಯ್ತು, ಬೆಳಗಿಂದ ಗಂಟಲಿಗೆ ಮಾತ್ರ ಒಂದೂ ಇಳೀಲಿಲ್ಲ!" ಒಳ್ಳೆಯ ಮನುಷ್ಯ. ಸ್ವಲ್ಪ ಜಂಬ. ಮಟ್ಟ ನೋಡುವ ರಸಮಟ್ಟವನ್ನು ಚೀಲದಿಂದ ತೆಗೆಯುವುದೇ ಇಲ್ಲ, ಒಂದು ಕಣ್ಣು ಮುಚ್ಚಿ ನೋಡಿ "ಸರಿ ಇದೆ" ಎನ್ನುತ್ತಾರೆ.

ಫೆಬ್ರವರಿ 16

ಏಳನೇ ಗುರಿ ದಿಬ್ಬದ ಆಚೆಗಿದೆ, ಎಸೆಯುವವರಿಗೆ ಕಾಣುವುದಿಲ್ಲ. ಆಚೆ ಜನ ಇದ್ದರೆ ಕೂಗಿ ಎಚ್ಚರಿಸಬೇಕು. ಮೈದುನ ಎಸೆದು, ಗಾಲ್ಫಿನವರ ಹಾಗೆ "ಫೋರ್!" ಎಂದು ಕೂಗಿದ. ದಿಬ್ಬದ ಆಚೆಯಿಂದ ಯಾರೋ — "ಏನು ನಾಲ್ಕು?"

ನಕ್ಕು ನಕ್ಕು ಸಾಕಾಯಿತು. "ನಮ್ಮ ಮಾತಲ್ಲೇ ಕೂಗಪ್ಪಾ," ಎಂದೆ. "ಬಂತು ಅಂದ್ರೆ ಸಾಕು. ಡಿಸ್ಕು ಬಂತು, ತಲೆ ತಗ್ಗಿಸಿ ಅಂತ." ಅವನಿಗೂ ಹಿಡಿಸಿತು. ಇನ್ನು ಅದೇ.

ಆಚೆಯವರಿಗೆ ಇದನ್ನು ಹೇಳಬೇಕು ಎಂದು ಇಬ್ಬರಿಗೂ ಹೊಳೆಯಲಿಲ್ಲ. ಇಷ್ಟು ಸುಲಭದ ಮಾತಿಗೆ ವಿವರಣೆ ಏಕೆ?

ಫೆಬ್ರವರಿ 23, ಭಾನುವಾರ, ಸಂಜೆ

ಬರೆಯಲು ಆಗುತ್ತಿಲ್ಲ. ಬರೆಯುತ್ತೇನೆ.

ಇವತ್ತು ಹೋದದ್ದೇ ತಡವಾಗಿ. ಏಳನೇ ಗುರಿಗೆ ನಾನು ಎಸೆದೆ. ಕೈ ಬಿಡುವಾಗಲೇ ಗೊತ್ತಾಯಿತು, ಬಲಕ್ಕೆ ಹೊರಳಿತ್ತು. ದಿಬ್ಬದ ಆಚೆ ಗಾರೆ ಬಾಂಡ್ಲಿಯ ಸದ್ದು. "ಬಂತು!" ಎಂದು ಗಂಟಲು ಹರಿಯುವ ಹಾಗೆ ಕೂಗಿದೆ.

ಕೆಲಸದವರಲ್ಲಿ 'ಬಂತು' ಅಂದರೆ ಚಹಾದ ಕ್ಯಾನು ಬಂತು ಎಂದು. ಗೇಟಿನ ಹತ್ತಿರ ಇರುವವನು ದಿನಾ ಹಾಗೇ ಕೂಗುತ್ತಾನಂತೆ. ಆ ಹೊತ್ತಿಗೆ ನಾವು ಯಾವಾಗಲೂ ಮನೆ ಸೇರಿರುತ್ತಿದ್ದೆವು. ಬಗ್ಗಿಕೊಂಡಿದ್ದ ಮೇಸ್ತ್ರಿ ಕರಣೆ ಕೆಳಗಿಟ್ಟು ಎದ್ದು ನಿಂತರಂತೆ. ನಗುತ್ತಾ ಕೂಗಿನ ಕಡೆಗೇ ತಿರುಗಿದರಂತೆ. ಜೊತೆಯವನು ಹೇಳಿದ. ಬಗ್ಗಿಯೇ ಇದ್ದಿದ್ದರೆ ತಲೆಯ ಮೇಲೆ ಹಾದು ಹೋಗುತ್ತಿತ್ತು.

ಎಡಗಣ್ಣು.

ಮೈದುನ ನನಗಿಂತ ಮೊದಲು ಓಡಿದ್ದ. ನಾನು ಏದುಸಿರು ಬಿಡುತ್ತಾ ದಿಬ್ಬ ಇಳಿಯುವಷ್ಟರಲ್ಲಿ, "ನಾನೇ ಎಸೆದದ್ದು, ನನ್ನ ಕೈ ತಪ್ಪಿತು" ಎಂದು ಅವನು ಎಲ್ಲರೆದುರು ಹೇಳಿಬಿಟ್ಟಿದ್ದ. ಬಾಯಿ ತೆರೆದೆ. "ಅತ್ತಿಗೆ, ನೀವು ಗಾಡಿ ತನ್ನಿ," ಎಂದ. ಹೋಗಿ ಗಾಡಿ ತಂದೆ.

ಫೆಬ್ರವರಿ 26

ಆ ಕಣ್ಣಿಗೆ ಇನ್ನು ನೋಟ ಬರುವುದಿಲ್ಲ ಎಂದರು ಕಣ್ಣಿನ ಡಾಕ್ಟರು.

ಆಸ್ಪತ್ರೆಯ ಮೆಟ್ಟಿಲ ಮೇಲೆ ಮೈದುನ — "ನನ್ನ ಜಾಗ, ನನ್ನ ಕೋರ್ಸು. ಯಾರು ಎಸೆದರೂ ಹೊಣೆ ನಂದೇ. ಬಿಡಿ ಅತ್ತಿಗೆ." ಬಿಟ್ಟೆ. ಅಷ್ಟು ಸುಲಭವಾಗಿ ಬಿಟ್ಟೆನಲ್ಲ, ಅದಕ್ಕೇ ನಾಚಿಕೆ.

ಮಾರ್ಚ್ 19, ಬುಧವಾರ

ಮೇಸ್ತ್ರಿ ಕೆಲಸಕ್ಕೆ ಬಂದರು. ಕಪ್ಪು ಕನ್ನಡಕ. ಬಂದವರೇ ಎಲ್ಲರನ್ನೂ ನಗಿಸಿದರು. "ಮೊದಲೂ ಒಂದು ಕಣ್ಣು ಮುಚ್ಚೇ ಮಟ್ಟ ನೋಡ್ತಿದ್ನಲ್ರೋ. ಈಗ ಮುಚ್ಚೋ ಕೆಲಸ ಉಳೀತು."

ಆಮೇಲೆ ಗಾರೆ ಎತ್ತಲು ಕರಣೆ ಚಾಚಿದರು. ಬಾಂಡ್ಲಿಗಿಂತ ಒಂದು ಗೇಣು ಈಚೆಗೇ, ಬರಿಯ ಗಾಳಿಯನ್ನು ಗೀರಿತು. ಇನ್ನೊಮ್ಮೆ ಚಾಚಿದರು. ಈ ಸಲ ಬಾಂಡ್ಲಿಯೇ ಮಗುಚಿಬಿತ್ತು. ಯಾರೂ ನಗಲಿಲ್ಲ, ಅವರೂ ನಗಲಿಲ್ಲ.

ಒಂದೇ ಕಣ್ಣಿಗೆ ದೂರ ಗೊತ್ತಾಗುವುದಿಲ್ಲ. ಅಭ್ಯಾಸ ಮಾಡಿಸಿದರೆ ನಿಧಾನವಾಗಿ ಬರುತ್ತದೆ. ಅಲ್ಲಿಯವರೆಗೆ ಯಾವ ಮೇಸ್ತ್ರಿ? ಸಂಜೆ ಕ್ಲಿನಿಕ್ಕಿಗೆ ಬನ್ನಿ ಎಂದೆ.

ಮಾರ್ಚ್ 24, ಸಂಜೆ

ದಿನಾ ಬರುತ್ತಿದ್ದಾರೆ. ಜಗ್ಗಿನಿಂದ ಲೋಟಕ್ಕೆ ನೀರು ಬಗ್ಗಿಸುವ ಅಭ್ಯಾಸ. ಜಗ್ಗಿನ ಮೂತಿಯನ್ನು ಲೋಟದ ಅಂಚಿಗೆ ತಾಗಿಸಬೇಕು, ತಾಗಿದ್ದು ಕೈಗೆ ತಿಳಿದ ಮೇಲೆ ಬಗ್ಗಿಸಬೇಕು. ಮೇಜೆಲ್ಲ ನೀರು. ಅವರ ಮಣಿಕಟ್ಟು ಹಿಡಿದು ತೋರಿಸುತ್ತಿದ್ದೆ.

ಇದ್ದಕ್ಕಿದ್ದ ಹಾಗೆ ಹೇಳತೊಡಗಿದರು. "ನಿಮ್ ಮೈದುನರ ಮುಂದೆ ಬಾಯಿ ಬಿಡೋಕಾಗಲ್ಲ ಅಕ್ಕಾ, ಕೆಲಸ ಕೊಟ್ಟೋರು. ಮನೇಲಿ ಹೇಳಿದ್ರೆ ಅವಳು ಅಳ್ತಾ ಕೂತ್ಕೋತಾಳೆ. ನಿಮ್ ಹತ್ರ ಹೇಳ್ತೀನಿ, ಬೇಜಾರು ಮಾಡ್ಕೋಬೇಡಿ. ಆ ಎಸೆದ ಕೈ ಇದೆಯಲ್ಲ, ಅದು ಕೊಳೆತು ಬೀಳ್ಲಿ. ದಿನಾ ಎದ್ದ ತಕ್ಷಣ ಅದನ್ನೇ ಬೇಡ್ಕೋತೀನಿ."

ಹೇಳಿ ಹಗುರಾದರು. ಆಮೇಲೆ ಮೂರು ಸಲ ಸರಿಯಾಗಿ ಬಗ್ಗಿಸಿದರು. ಅವರ ಮಣಿಕಟ್ಟು ಇನ್ನೂ ನನ್ನ ಕೈಯಲ್ಲೇ ಇತ್ತು.

ಮಾರ್ಚ್ 29

ಮೈದುನನನ್ನು ಕರೆಸಿ ಮೇಸ್ತ್ರಿಯ ಶಾಪದ ಮಾತು ಹೇಳಿದೆ. ಇನ್ನು ಆಗುವುದಿಲ್ಲ, ಅವರಿಗೆ ನಿಜ ಹೇಳಿಬಿಡುತ್ತೇನೆ ಎಂದೆ.

ಅವನು — "ಹೇಳಿ. ನಿಮಗೆ ನಿದ್ದೆ ಬರುತ್ತೆ. ನನಗೂ ಅವರ ಮುಖ ನೋಡೋಕಾಗುತ್ತೆ. ಆದ್ರೆ ಅವರಿಗೆ ಹೊಟ್ಟೇಲಿರೋದನ್ನ ಕಕ್ಕೋಕೆ ಇರೋದು ನಿಮ್ಮ ಆ ಒಂದು ರೂಮು. ಅದೂ ಹೋಗುತ್ತೆ ಅತ್ತಿಗೆ. ಯೋಚನೆ ಮಾಡಿ."

ಇಷ್ಟು ಮಾತು ಇವನಿಗೆ ಎಲ್ಲಿಂದ ಬಂತೋ. ಸಿಟ್ಟು ಬಂತು. ಸರಿಯಾಗಿ ಹೇಳಿದ ಎಂದೇ ಸಿಟ್ಟು.

ಹೇಳಲಿಲ್ಲ.

ಏಪ್ರಿಲ್ 6, ಭಾನುವಾರ

ಬುಟ್ಟಿಗಳೆಲ್ಲ ಬಂದು ನಿಂತಿವೆ. ಮೈದುನ ಬಿಡಲಿಲ್ಲ, ಒಂದು ಸುತ್ತು ಆಡಿ ನೋಡಲೇಬೇಕು ಎಂದ. ಆಡಿದೆ. ಆಡಿದೆ ಅಂದರೆ... ಎಸೆದೆ, ನಡೆದೆ, ಹೆಕ್ಕಿಕೊಂಡೆ. ಆರನೆಯದರ ತನಕ.

ಏಳನೇ ಟೀ ಮೇಲೆ ನಿಂತವಳಿಗೆ ಬೆರಳೇ ಬಿಚ್ಚಲಿಲ್ಲ. ಪಕ್ಕದಲ್ಲಿ ಅಂಚು ಕಟ್ಟುತ್ತಿದ್ದರು ಮೇಸ್ತ್ರಿ. ಈಗ ಕರಣೆ ಬಾಂಡ್ಲಿಗೆ ಸರಿಯಾಗಿ ಹೋಗುತ್ತಿದೆ. ಹೆಮ್ಮೆಯಿಂದ ಜೊತೆಯವರಿಗೆ ಹೇಳುತ್ತಿದ್ದರು — "ಇದು ಅಕ್ಕನ ಕೈಗುಣ ಕಣ್ರೋ. ಡಾಕ್ಟರು ಆಗಲ್ಲ ಅಂದಿದ್ದನ್ನ ಒಂದು ಲೋಟ ನೀರಲ್ಲಿ ಮಾಡಿಸಿದ್ರು." ಆಮೇಲೆ ನನ್ನ ಕಡೆ ತಿರುಗಿ — "ಎಸೀರಿ ಅಕ್ಕಾ, ಭಯ ಯಾಕೆ? ಆ ಕಡೆ ಯಾರೂ ಇಲ್ಲ."

ಡಿಸ್ಕನ್ನು ಚೀಲಕ್ಕೆ ಹಾಕಿಕೊಂಡು ಮನೆಗೆ ಬಂದೆ. ಬೈಗುಳವನ್ನಾದರೂ ತಡೆದುಕೊಂಡಿದ್ದೆ. ಈ ಹೊಗಳಿಕೆಯನ್ನು ತಡೆಯಲಾರೆ.

ಏಪ್ರಿಲ್ 8, ಮಂಗಳವಾರ

ಎಡಗೈಯಲ್ಲಿ ಬರೆಯುತ್ತಿದ್ದೇನೆ. ಅಕ್ಷರ ಸೊಟ್ಟ.

ನಿನ್ನೆ ಸಂಜೆ ಕ್ಲಿನಿಕ್ಕಿನಲ್ಲಿ ಹೇಳಿದೆ. "ಮೇಸ್ತ್ರಿ, ಆವತ್ತು ಎಸೆದದ್ದು ಅವನಲ್ಲ. ನಾನು." ತಮಾಷೆ ಎಂದುಕೊಂಡು ನಗಲು ಹೊರಟರು. ನನ್ನ ಮುಖ ನೋಡಿ ನಿಲ್ಲಿಸಿದರು.

"ಯಾವ ಕೈ?"

ಬಲಗೈಯನ್ನು ಮೇಜಿನ ಮೇಲಿಟ್ಟೆ. ಮುಖ ಓರೆ ಮಾಡಿ ಬಲಗಣ್ಣಿಂದ ನೋಡಿದರು. ಕೈ ಚಾಚಿದರು. ಎಲ್ಲೂ ತಡವರಿಸಲಿಲ್ಲ. ಮೊದಲು ಸುಮ್ಮನೆ ಹಿಡಿದುಕೊಂಡರು. ಕ್ಷಮಿಸಿದರು ಎಂದೇ ತಿಳಿದೆ. ಆಮೇಲೆ ಹಿಡಿತ ಬಿಗಿಯಾಗುತ್ತಾ ಹೋಯಿತು. ಎಳೆದುಕೊಳ್ಳಬಹುದಿತ್ತು. ಎಳೆದುಕೊಳ್ಳಲಿಲ್ಲ. ಮೊದಲು ಕಿರುಬೆರಳು, ಆಮೇಲೆ ಅದರ ಪಕ್ಕದ್ದು. ಮುರಿದ ಸದ್ದು ಇಬ್ಬರಿಗೂ ಕೇಳಿಸಿತು.

ಕೈ ಬಿಟ್ಟು, ಗೋಡೆಗೆ ಮುಖ ಮಾಡಿ ನಿಂತು ಗೊಳೋ ಎಂದು ಅತ್ತರು. "ನಿಮ್ ಹತ್ರಾನೇ ಬಂದು ಹೇಳ್ಕೋತಿದ್ನಲ್ಲಕ್ಕಾ... ಇನ್ ಯಾರ ಹತ್ರ ಹೋಗ್ಲಿ ನಾನು?"

ಮನೆಯಲ್ಲಿ ಇವರಿಗೂ ಮೈದುನನಿಗೂ ಕೈ ಬಾಗಿಲ ಸಂದಿಗೆ ಸಿಕ್ಕಿತು ಎಂದಿದ್ದೇನೆ. ಮೈದುನ ನಂಬಿಲ್ಲ.

ದಿನಾ ಮೇಸ್ತ್ರಿ ಬರುವ ಹೊತ್ತು ಇದು. ಬೇರೆ ಯಾರಿಗೂ ಈ ಹೊತ್ತು ಕೊಟ್ಟಿಲ್ಲ. ಕ್ಲಿನಿಕ್ಕಿನ ಬಾಗಿಲು ತೆಗೆದೇ ಇಟ್ಟಿದ್ದೇನೆ. ಗೇಟು ಸದ್ದಾಯಿತು. ಗಾಳಿಯೋ, ಇಲ್ಲ ಅವರೋ, ಎದ್ದು ನೋಡಬೇಕು.