“ಶಾಂತವಾಗಿ ಕಾದಿದ್ದಾರೆ” ಎಂಬ ತಮ್ಮ ಷರಾ ಕುರಿತು

ಮಾನ್ಯ ವೈದ್ಯಕೀಯ ಮಂಡಳಿಯ ಅಧ್ಯಕ್ಷರೇ,

“ಅರ್ಜಿದಾರರು ಮಧ್ಯಾಹ್ನದವರೆಗೆ ಕಾರಿಡಾರಿನಲ್ಲಿ ಶಾಂತವಾಗಿ ಕಾದಿದ್ದಾರೆ. ಹೇಳಿಕೊಂಡ ತೊಂದರೆಯ ಲಕ್ಷಣ ಕಂಡುಬಂದಿಲ್ಲ.” ನನ್ನ ಅರ್ಜಿಯ ಮೇಲೆ ತಾವು ಸ್ವಹಸ್ತದಿಂದ ಬರೆದ ಷರಾ ಇದು. ನನಗೆ ಎಡಿಎಚ್‌ಡಿ, ಅಂದರೆ ಗಮನ ಒಂದೆಡೆ ನಿಲ್ಲದ, ಸುಮ್ಮನೆ ಕೂರಲಾಗದ ತೊಂದರೆ, ಇದೆ ಎಂದು ಮನೋವೈದ್ಯರು ವಿವರವಾಗಿ ಬರೆದುಕೊಟ್ಟ ಪುಟಗಳನ್ನು ತಾವು ತಿರುವಿಯೂ ನೋಡಲಿಲ್ಲ. ಕಾರಿಡಾರಿನ ಬೆಂಚು ಹೇಳಿದ ಸಾಕ್ಷಿಯೇ ತಮಗೆ ಸಾಕಾಯಿತು. ಇಷ್ಟು ದಿನ ಬಾಯಿ ಮುಚ್ಚಿಕೊಂಡಿದ್ದೆ. ಈಗ ನಾಲ್ಕು ಜನ ಓದಲಿ ಎಂದೇ ಬರೆಯುತ್ತಿದ್ದೇನೆ, ಏಕೆಂದರೆ ಆ ಷರಾ ತಪ್ಪು.

ನಾನು ನೀರು ಸರಬರಾಜು ಕಚೇರಿಯ ನೌಕರಳು. ಬಹಳ ವರ್ಷ ಮೀಟರ್ ರಿಪೇರಿ ವಿಭಾಗದಲ್ಲಿದ್ದೆ. ಕೆಟ್ಟ ಮೀಟರನ್ನು ಬಿಚ್ಚುವುದು, ತುಕ್ಕು ಕೆರೆಯುವುದು, ಒಳಗಿನ ಹಲ್ಲುಚಕ್ರ ಮತ್ತೆ ಕೂರಿಸುವುದು. ಒಂದು ಕೆಟ್ಟ ಹಾಗೆ ಇನ್ನೊಂದು ಕೆಡುತ್ತಿರಲಿಲ್ಲ, ಹಾಗಾಗಿ ಅಲ್ಲಿ ನನ್ನನ್ನು ಯಾರೂ ಬೈಯಲಿಲ್ಲ. ಆ ವಿಭಾಗ ಮುಚ್ಚಿತು, ನನ್ನನ್ನು ಕಂಟ್ರೋಲ್ ರೂಮಿಗೆ ಹಾಕಿದರು. ಅಲ್ಲಿ ಒಂದು ಕುರ್ಚಿ, ಒಂದು ಪರದೆ, ಪರದೆಯ ಮೇಲೆ ಊರಿನ ಟ್ಯಾಂಕುಗಳ ನೀರಿನ ಮಟ್ಟ. ಅಂಕಿ ಅಲ್ಲಾಡದಿದ್ದರೆ ಎಲ್ಲ ಸರಿಯಿದೆ ಎಂದರ್ಥ. ಅಂದರೆ, ಏನೂ ಆಗದೇ ಇರುವುದನ್ನು ಇಡೀ ದಿನ ನೋಡುತ್ತ ಕೂರುವುದೇ ನನ್ನ ಉದ್ಯೋಗ. ಮೇಜಿನ ಮೇಲೆ ಏನೂ ಇರಕೂಡದು, ಕೈಯಲ್ಲಿ ಏನೂ ಇರಕೂಡದು. ಒಂದು ದಿನ ಕಣ್ಣು ಪರದೆಯ ಮೇಲೇ ಇತ್ತು, ನಾನು ಇರಲಿಲ್ಲ. ಟ್ಯಾಂಕು ತುಂಬಿ ಹರಿದು ಕೆಳಗಿನ ಬೀದಿಯ ಮನೆಗಳಿಗೆ ನೀರು ನುಗ್ಗಿತು.

ನಮ್ಮ ಮೇಲಧಿಕಾರಿ ಕೆಟ್ಟವರಲ್ಲ. “ಮಂಡಳಿಯಿಂದ ಒಂದು ಸರ್ಟಿಫಿಕೇಟ್ ತಂದ್ಕೊಡಮ್ಮ. ಬೀದಿ ವಾಲ್ವ್‌ಗಳನ್ನ ನೋಡೋ ಕೆಲಸಕ್ಕೆ ಹಾಕಿಸ್ತೀನಿ, ಓಡಾಡ್ಕೊಂಡಿರಬಹುದು. ಅದಿಲ್ಲದೆ ಇನ್ನೊಂದ್ಸಲ ಹೀಗಾದ್ರೆ ನಿನ್ನ ಕೆಲಸ ಉಳಿಸೋಕೆ ನನ್ನ ಕೈಲಾಗಲ್ಲ” ಎಂದರು. ಹಾಗೆಂದೇ ತಮ್ಮ ಬಾಗಿಲಿಗೆ ಬಂದೆ. ನನ್ನ ಅನ್ನದ ಪ್ರಶ್ನೆ ಅದು.

ಒಳಗೆ ಕರೆದಾಗ ತಾವು ನಕ್ಕು ಹೇಳಿದ್ದು ನೆನಪಿದೆಯೇ? “ಅಲ್ಲಮ್ಮ, ಬೇಜಾರು ಯಾರಿಗಾಗಲ್ಲ ಹೇಳಿ? ಮೀಟಿಂಗ್‌ನಲ್ಲಿ ನನಗೂ ಆಗುತ್ತೆ. ಫೋನ್ ನೋಡ್ಕೊಂಡು ಕೂತಿರ್ತೀನಿ.” ಎಂಥ ಸುಲಭದ ಚಿಕಿತ್ಸೆ! ತಮ್ಮ ಬೇಸರಕ್ಕೆ ಫೋನು ಉಂಟು, ಆಕಳಿಕೆ ಉಂಟು, ಎದ್ದು ಹೋಗುವ ಅಧಿಕಾರವೂ ಉಂಟು. ನನ್ನದು ಒದ್ದೆ ಬಟ್ಟೆಯಲ್ಲಿ ಕೂತ ಹಾಗೆ, ಮೈಯೆಲ್ಲ ಹಿಂಸೆ. ಹತ್ತಿಕ್ಕಿ ಕೂತರೆ ತಲೆಗೆ ಮಂಕು ಕವಿಯುತ್ತದೆ, ಎದ್ದರೆ ಸೋಮಾರಿ ಎಂಬ ಹೆಸರು ಬರುತ್ತದೆ. ನಲವತ್ತು ದಾಟಿದ ಹೆಂಗಸು ಬೇಸರ ತಡೆಯಲಾರದೆ ಕಕ್ಕಸಿನಲ್ಲಿ ಬಾಗಿಲು ಹಾಕಿಕೊಂಡು ಅತ್ತಿದ್ದನ್ನು ಯಾವ ನಮೂನೆಯಲ್ಲಿ ತುಂಬಿಸಬೇಕಿತ್ತು, ಹೇಳಿ.

ಇನ್ನು ಆ ಬೆಂಚಿನ ಸಂಗತಿ. ಆವತ್ತು ನನ್ನ ಪಕ್ಕದಲ್ಲಿ ಅಕ್ಕ ಕೂತಿದ್ದಳು. ಟೈಲರ್. ನನಗೋಸ್ಕರ ಅಂಗಡಿ ಮುಚ್ಚಿ ಬಂದಿದ್ದಳು. ಚೀಲದಿಂದ ಹಳೆಯದೊಂದು ದಿಂಬಿನ ಕವರು, ಸೂಜಿ, ದಾರ ತೆಗೆದು ಕೊಟ್ಟಳು. ನಾನು ಅಂಚು ಹೊಲಿದೆ. ಹೊಲಿದು ಮುಗಿಸಿದ್ದನ್ನು ಅವಳು ಇಸಿದುಕೊಂಡು ಬಿಚ್ಚಿದಳು, ಮತ್ತೆ ಕೊಟ್ಟಳು. ನಾನು ಮತ್ತೆ ಹೊಲಿದೆ. ತಮ್ಮ ಜವಾನರು ಹಾದುಹೋಗುವಾಗ “ಎಷ್ಟು ದಿಂಬಮ್ಮ ನಿಮ್ಮನೇಲಿ?” ಎಂದು ತಮಾಷೆ ಮಾಡಿದರು. “ಒಂದೇ ಕಣಪ್ಪ, ನಿಮ್ಮ ಸಾಹೇಬ್ರು ಕರೆಯೋ ತನಕ ಮುಗಿಯಲ್ಲ” ಎಂದಳು ಅಕ್ಕ. ಮಧ್ಯಾಹ್ನದವರೆಗೂ ಹೀಗೇ ನಡೆಯಿತು. ತಾವು ಕಂಡ ಶಾಂತಿ ಅದು.

ಚಿಕ್ಕಂದಿನಿಂದಲೂ ಅವಳದು ಇದೇ ಉಪಾಯ. “ಸುಮ್ನೆ ಒಂದ್ಕಡೆ ಕೂತ್ಕೊಳ್ಳೋಕೆ ಏನು ಧಾಡಿ ನಿಂಗೆ?” ಎಂದು ಅಮ್ಮ ರೇಗುವಾಗ, ಅಕ್ಕ ಗಂಟುಗಂಟಾದ ದಾರದ ಉಂಡೆ ತಂದು ನನ್ನ ಮಡಿಲಿಗೆ ಹಾಕುತ್ತಿದ್ದಳು. ದಾರಗಳು ತಾವಾಗಿಯೇ ಸಿಕ್ಕಾಗುತ್ತವೆ ಎಂದೇ ದೊಡ್ಡವಳಾಗುವವರೆಗೆ ನಂಬಿದ್ದೆ. ನನಗೆ ಬಿಡಿಸಲು ಏನಾದರೂ ಇರಲಿ ಎಂದು ಅವಳೇ ಕೂತು ಸಿಕ್ಕು ಮಾಡುತ್ತಿದ್ದಳಂತೆ. ವೈದ್ಯರು ಕಾಯಿಲೆಗೆ ಹೆಸರಿಡುವ ಎಷ್ಟೋ ವರ್ಷ ಮೊದಲೇ ಅವಳು ನನ್ನನ್ನು ಹೀಗೆ ಕಾಪಾಡಿಕೊಂಡು ಬಂದಿದ್ದಳು.

ತಮ್ಮ ಷರಾ ಕೈಸೇರಿದ ಮೇಲೆ ಮರುಪರಿಶೀಲನೆಗೆ ಅರ್ಜಿ ಹಾಕಿದೆ. ಕರೆ ಬರುವಷ್ಟರಲ್ಲಿ ಅಕ್ಕ ಆಸ್ಪತ್ರೆ ಸೇರಿದಳು. ಲಿವರ್ ಪೂರ್ತಿ ಹಾಳಾಗಿತ್ತು, ಯಾರಿಗೂ ಹೇಳಿಕೊಂಡಿರಲಿಲ್ಲ. ಹಾಸಿಗೆಯ ಪಕ್ಕದ ಸ್ಟೂಲಿನಲ್ಲಿ ಕೂತಿರುತ್ತಿದ್ದೆ. ಅವಳು ಮಲಗಿಯೇ ಇರುತ್ತಿದ್ದಳು, ಗ್ಲೂಕೋಸ್ ಹನಿ ಹನಿಯಾಗಿ ಇಳಿಯುತ್ತಿತ್ತು. ಜೀವಕ್ಕಿಂತ ಹೆಚ್ಚಿನವಳ ಪಕ್ಕದಲ್ಲೂ ಈ ಹಾಳು ಬೇಸರ ನನ್ನನ್ನು ಬಿಡಲಿಲ್ಲ, ಮಾನ್ಯರೇ. ಪ್ರೀತಿ ಇದ್ದ ಕಡೆ ಅದು ಬರುವುದಿಲ್ಲ ಎಂದು ತಾವು ತಿಳಿದಿದ್ದರೆ ಅದೂ ತಪ್ಪು. ನನ್ನ ಕಾಲು ಅದುರುವುದನ್ನು ಅವಳು ಕಂಡಳು. ದಿಂಬಿನ ಕೆಳಗಿಂದ ದಾರದ ಉಂಡೆ ತೆಗೆದು, ಸೂಜಿ ಚುಚ್ಚಿ ಊದಿದ ಕೈಯಲ್ಲೇ ನಿಧಾನವಾಗಿ ಸಿಕ್ಕು ಮಾಡಿ ನನ್ನ ಕಡೆ ತಳ್ಳಿದಳು.

“ತಗೋ, ಇದನ್ನ ಬಿಡಿಸು. ಎದ್ದು ಹೋಗ್ಬೇಡ್ವೇ.”

ನಾನು ಹೋಗಲಿಲ್ಲ. ಬಿಡಿಸುತ್ತ ಕೂತಿದ್ದೆ. ಅವಳು ಹೋದಳು.

ಅದಾಗಿ ಒಂದು ತಿಂಗಳಿಗೆ ತಮ್ಮ ಕರೆ ಬಂತು. ಅದೇ ಕಾರಿಡಾರು, ಅದೇ ಬೆಂಚು. ಸೂಜಿ ದಾರ ನಾನೇ ಒಯ್ದಿದ್ದೆ. ಒಂದು ಸಲ ಹೊಲಿದೆ. ಹೊಲಿದದ್ದನ್ನು ಬಿಚ್ಚಲು ನನ್ನ ಕೈ ಏಳಲಿಲ್ಲ. ಕೂತೆ, ಎದ್ದೆ, ಗೋಡೆಯ ಮೇಲಿದ್ದ ಸೂಚನೆಗಳನ್ನೆಲ್ಲ ಓದಿದೆ, ಮತ್ತೆ ಕೂತೆ. ಅಳು ಒತ್ತರಿಸಿ ಬಂದು ಮೆಟ್ಟಿಲಿಳಿದು ಹೊರಟುಹೋದೆ. ಆಮೇಲೆ ನನ್ನ ಹೆಸರು ಕೂಗಿದರಂತೆ. “ಅರ್ಜಿದಾರರು ಗೈರುಹಾಜರು, ಅರ್ಜಿ ವಜಾ” ಎಂದು ತಾವು ಬರೆದಿರಿ. ಕಾದರೆ ಕಾಯಿಲೆ ಇಲ್ಲ, ಕಾಯಲಾಗದಿದ್ದರೆ ಅರ್ಜಿಯೇ ಇಲ್ಲ. ಇಂಥ ನಿಯಮದಲ್ಲಿ ತಮ್ಮ ಮಂಡಳಿ ಯಾರನ್ನು ರೋಗಿ ಎಂದು ಒಪ್ಪೀತು?

ಈ ಪತ್ರ ಬರೆಯುವಾಗಲೂ ಕಂಟ್ರೋಲ್ ರೂಮಿನ ಕುರ್ಚಿಯೇ ನನ್ನ ಪಾಲಿಗಿದೆ. ಇನ್ನೊಂದು ಟ್ಯಾಂಕು ತುಂಬಿ ಹರಿಯುವವರೆಗೆ ಇರುತ್ತದೆ. ನನಗೆ ತಮ್ಮ ಕನಿಕರ ಬೇಡ. ಮನೋವೈದ್ಯರ ಪುಟಗಳನ್ನು ಓದಿ, ನನ್ನ ಅರ್ಜಿಯನ್ನು ಮತ್ತೆ ತೆರೆಯಿರಿ. ತೆರೆದಾಗ ತಮ್ಮ ಎರಡೂ ಷರಾಗಳನ್ನು ತಿದ್ದಿ. “ಶಾಂತವಾಗಿ ಕಾದಿದ್ದಾರೆ” ಎಂಬುದನ್ನು ಹೊಡೆದುಹಾಕಿ, “ಅಕ್ಕ ಜೊತೆಗಿದ್ದರು” ಎಂದು ಬರೆಯಿರಿ. “ಗೈರುಹಾಜರು” ಎಂಬುದನ್ನೂ ಹಾಗೇ ಬಿಡಬೇಡಿ. ಗೈರುಹಾಜರಾಗಿದ್ದವಳು ನಾನಲ್ಲ.

ಇಂತಿ,
ತಮ್ಮ ದಾಖಲೆಯಲ್ಲಿ ಆರೋಗ್ಯವಂತಳಾಗಿ ಉಳಿದಿರುವ,
ಕಂಟ್ರೋಲ್ ರೂಮಿನವಳು