ಮೇಕೆಯ ಬಾಯಿ

ಮಾರ್ಚ್ 3, ಬೆಳಿಗ್ಗೆ 7
ಮಾತ್ರೆ, ನೀರು. ರಾತ್ರಿಗೆ ಇನ್ನೊಂದು. ಮಾತ್ರೆ ಶುರುಮಾಡಿ ಇಂದು ತೊಂಬತ್ತೊಂದನೆಯ ದಿನ. ತುಟಿಯಲ್ಲಿ ಒಂದು ಗುಳ್ಳೆಯೂ ಎದ್ದಿಲ್ಲ. ಮೊದಲು ತಿಂಗಳಿಗೊಮ್ಮೆ ಏಳುತ್ತಿತ್ತು. ಓದುತ್ತಿರುವ ಅನುವಾದದ ಕಾದಂಬರಿಯಲ್ಲಿ ನಾಯಕಿಯ ತುಟಿಗೆ ‘ತಣ್ಣನೆಯ ಹುಣ್ಣು’. ಅರ್ಧ ಪುಟ ದಾಟಿದ ಮೇಲೆ ಹೊಳೆಯಿತು — ಕೋಲ್ಡ್ ಸೋರ್! ನನ್ನದೇ ತುಟಿಗುಳ್ಳೆ. ಒಬ್ಬಳೇ ನಕ್ಕೆ.

ತಂಗಿಯ ಮಗುವಿಗೆ ಇಂದು ಒಂಬತ್ತು ದಿನ. ಇನ್ನೂ ಎತ್ತಿಕೊಂಡಿಲ್ಲ. ಎಳೆಗೂಸಿನ ಪ್ರಾಣಕ್ಕೇ ಕುತ್ತು ತರಬಹುದು ಈ ಗುಳ್ಳೆಯ ವೈರಸ್, ಮಾತ್ರೆ ನುಂಗುತ್ತಿದ್ದರೂ ಮುತ್ತು ಕೊಡಬೇಡಿ ಎಂದಿದ್ದಾರೆ ಡಾಕ್ಟರು. ಬಾಗಿಲಲ್ಲೇ ನಿಂತು ನೋಡಿ ಬಂದೆ. ಒಂದು ಕಿವಿ ಕಂಡಿತು.

ಮಾರ್ಚ್ 6
ಹೊಸ ಸ್ಟ್ರಿಪ್ ತೆಗೆದೆ. ಹತ್ತು ಮಾತ್ರೆ ಇರಬೇಕಿತ್ತು, ಎಂಟೇ ಇವೆ. ಒಂದು ತುದಿಯನ್ನು ಮೊದಲೇ ಕತ್ತರಿಸಲಾಗಿದೆ. ಮೆಡಿಕಲ್ ಶಾಪಿನವನು ನೋಡದೆ ಕೊಟ್ಟಿರಬೇಕು.

ಅಮ್ಮನ ಕೆಳತುಟಿಗೆ ಮುಲಾಮು. “ಕಾಫಿ ಸುಟ್ಟಿತು ಕಣೇ. ಹಾಗೆ ನೋಡ್ಬೇಡ, ನಿನ್ನ ಕಾಯಿಲೆ ನಿನಗೇ ಇರ್ಲಿ.” ಮಗುವಿಗೆ ಸ್ನಾನ ಮಾಡಿಸಲು ತಂಗಿಯ ಮನೆಗೆ ಹೊರಟಳು. ದಿನವೂ ಹೋಗುತ್ತಾಳೆ.

ಮಾರ್ಚ್ 12
ಮಗುವಿಗೆ ಜ್ವರ. ಹಾಲು ಕುಡಿಯುತ್ತಿಲ್ಲ. ನೆತ್ತಿಯ ಮೇಲೆ ಮೂರು ನೀರುಗುಳ್ಳೆ. ಆಸ್ಪತ್ರೆಗೆ ಸೇರಿಸಿದರು. ನನ್ನ ಮಾತ್ರೆಯ ಮದ್ದೇ, ಅಷ್ಟು ಸಣ್ಣ ಕೈಯ ನರಕ್ಕೆ, ಸೂಜಿಯಲ್ಲಿ.

“ಮನೇಲಿ ಯಾರಿಗೆ ತುಟಿ ಹುಣ್ಣು ಬರುತ್ತೆ?” ಡಾಕ್ಟರು ಕೇಳಿದರು.

ಅಮ್ಮ ಹೇಳಿದಳು, “ದೊಡ್ಡವಳಿಗೆ.”

“ಯಾವಾಗ ಮುಟ್ಟಿದೆ ಅಕ್ಕ?” ಎಂದಳು ತಂಗಿ. “ನಾನು ನಿದ್ದೆ ಮಾಡ್ತಿದ್ದಾಗಲಾ?”

“ಮುಟ್ಟೇ ಇಲ್ಲ ಕಣೇ.”

“ಹೋಗು. ದಮ್ಮಯ್ಯ, ಹೋಗು ಇಲ್ಲಿಂದ.”

ಏಪ್ರಿಲ್ 2
ಮಗು ಉಳಿಯಿತು. ಇಂದು ಮನೆಗೆ ಬಂದಿದೆ. ತಿಳಿಸಿದ್ದು ತಂಗಿಯ ಗಂಡ, ಮೆಸೇಜಿನಲ್ಲಿ. ‘ಸದ್ಯಕ್ಕೆ ಬರಬೇಡಿ’ ಎಂದೂ ಇತ್ತು.

ಅಮ್ಮನ ಕನ್ನಡಕದ ಸ್ಕ್ರೂ ಸಡಿಲ. ಕನ್ನಡಕದಂಗಡಿಯವಳಲ್ಲವೇ ನಾನು — ಬಿಗಿ ಮಾಡೋಣವೆಂದು ಅವಳ ಡಬ್ಬಿ ತೆರೆದೆ. ಒರೆಸುವ ಬಟ್ಟೆಯ ಅಡಿಯಲ್ಲಿ ಸ್ಟ್ರಿಪ್ಪಿನ ತುಂಡು. ಎರಡು ಗುಳಿ, ಎರಡೂ ಖಾಲಿ. ಖಾಲಿ ಸ್ಟ್ರಿಪ್ಪನ್ನು ನಾನು ಎಸೆಯುವುದಿಲ್ಲ, ಪುಸ್ತಕದಲ್ಲಿ ಗುರುತಿಗೆ ಇಡುತ್ತೇನೆ. ಎಂಟೇ ಇದ್ದ ಆ ಸ್ಟ್ರಿಪ್ಪನ್ನು ತೆಗೆದು ಪಕ್ಕದಲ್ಲಿಟ್ಟೆ. ಅಂಚಿಗೆ ಅಂಚು ಕೂಡಿತು.

ಅಮ್ಮ ಬಾಗಿಲಲ್ಲಿ ನಿಂತಿದ್ದಳು.

“ನನಗೂ ಬರುತ್ತೆ ಅಂತ ಗೊತ್ತಾಗಿದ್ರೆ ಮಗೂನ ಮುಟ್ಟೋಕೆ ಬಿಡ್ತಿದ್ಲಾ ನಿನ್ನ ತಂಗಿ?”

“ನನ್ನನ್ನ ಬಿಡ್ತಾಳಾ ಈಗ?”

“ನಿನಗೆ ಹೇಗೂ ಅಭ್ಯಾಸ ಆಗಿದೆ.”

ಕೋತಿ ತಾನು ಮೊಸರು ತಿಂದು ಮೇಕೆಯ ಬಾಯಿಗೆ ಒರೆಸಿತಂತೆ. ಗಾದೆ ಕಲಿಸಿದವಳು ಅವಳೇ. ಮೇಕೆ ಆಮೇಲೆ ಏನು ಮಾಡಿತೆಂದು ಕಲಿಸಲಿಲ್ಲ.

ಏಪ್ರಿಲ್ 5, ಸಂಜೆ 6
ಅಮ್ಮ ಸೆರಗಿನಿಂದ ತುಟಿ ಮುಚ್ಚಿಕೊಂಡು ಬಂದಳು. “ಚುರುಚುರು ಅಂತಿದೆ. ಒಂದು ಮಾತ್ರೆ ಕೊಡೇ. ನಾಳೆ ಮಗು ನೋಡೋಕೆ ಹೋಗ್ಬೇಕು.”

ಕೊಟ್ಟೆ. ನೀರನ್ನೂ ಕೊಟ್ಟೆ. ನುಂಗುವವರೆಗೆ ಕಾದೆ. ಆಮೇಲೆ ತಂಗಿಯ ನಂಬರ್ ಒತ್ತಿ, ಸ್ಪೀಕರ್ ಹಾಕಿ, ಫೋನನ್ನು ಮೇಜಿನ ಮೇಲಿಟ್ಟೆ.

“ನೀನೇ ಹೇಳು. ಇಲ್ಲಾಂದ್ರೆ ನಾನು ಹೇಳ್ತೀನಿ.”

ರಿಂಗಾಗುತ್ತಿದೆ. ಡೈರಿ ತೆರೆದು ಬರೆಯುತ್ತಿದ್ದೇನೆ. ಅಮ್ಮ ಫೋನನ್ನು ನೋಡುತ್ತಿಲ್ಲ, ನನ್ನನ್ನೇ ನೋಡುತ್ತಿದ್ದಾಳೆ.

“ಹಲೋ... ಅಕ್ಕ?”

ಅಮ್ಮ ಸೆರಗನ್ನು ಮತ್ತೆ ತುಟಿಗೆ ಒತ್ತಿಕೊಂಡಳು.

ಸರಿ. ನಾನೇ —