ಬೋಲ್ಟಿನ ಮೇಲಿನ ಕುಂಕುಮ

ಅಪ್ಪ,

ಕಾರಿನ ಕೀ ಹುಡುಕಬೇಡಿ, ನಾನು ತೆಗೆದುಕೊಂಡು ಹೋಗುತ್ತಿದ್ದೇನೆ. ನೀವು ಫೋನನ್ನು ಚಾರ್ಜಿಗೆ ಹಾಕಿ ಹೂವು ತರಲು ಹೋಗಿದ್ದೀರಿ. ನನಗೆ ಒಂಬತ್ತಕ್ಕೆ ಪರೀಕ್ಷೆ, ಕಾಯಲು ಆಗುವುದಿಲ್ಲ.

ನಮ್ಮ ಹಳೇ ಕಾರಿಗೆ ಬೇರೆ ಸ್ಟೀರಿಂಗ್ ಕಾಲಂ ಕೂರಿಸುವಾಗ, ಬಿಗಿ ಮಾಡಿದ ಬೋಲ್ಟಿಗೆ ಮಾತ್ರ ಗುರುತಿಗೆಂದು ಕುಂಕುಮ ಇಡುತ್ತಿದ್ದಿರಲ್ಲ? ನಿನ್ನೆ ನೀವು ಊಟಕ್ಕೆ ಎದ್ದಾಗ, ಬಿಗಿ ಮಾಡದೆ ಉಳಿದದ್ದಕ್ಕೂ ಅಜ್ಜಿ ಇಟ್ಟಿದ್ದಾರೆ. ಇವತ್ತು ಬೆಳಿಗ್ಗೆ ಕೇಳಿದರೆ, "ಒಂದನ್ನ ಮಾತ್ರ ಬೋಳಾಗಿ ಬುಡೋದು ಎಂಗಮ್ಮಿ? ಪೂಜೆ ಗಾಡಿ, ಎಲ್ಲಕ್ಕೂ ಇಟ್ಬುಟ್ಟೆ" ಅಂದರು. ನಿನ್ನೆ ನೀವು ಊಟ ಮುಗಿಸಿ ಬಂದು ಆ ಕುಂಕುಮ ನೋಡಿ, ಕೆಲಸ ಮುಗಿಯಿತು ಅಂದಿರಿ.

ಈಗ ಪೆಡಲ್ ಹತ್ತಿರ ಕೈ ಹಾಕಿ ನೋಡಿದೆ. ಸ್ಟೀರಿಂಗ್ ಕಾಲಂ ಚಕ್ರದ ಕಡೆಗೆ ಸೇರುವ ಕೆಳಗಿನ ಜಾಯಿಂಟಿನ ಬೋಲ್ಟ್ ಬರೀ ಬೆರಳಿಗೇ ತಿರುಗಿತು. ಅದು ಕಳಚಿಕೊಂಡರೆ ನೀವು ಸ್ಟೀರಿಂಗ್ ತಿರುಗಿಸುತ್ತಲೇ ಇರುತ್ತೀರಿ, ಚಕ್ರ ನೆಟ್ಟಗೆ ಹೋಗುತ್ತಲೇ ಇರುತ್ತದೆ.

ಅಜ್ಜಿಗೆ ಬೈಯಬೇಡಿ. ಅದು ಗುರುತು ಅಂತ ನೀವು ಅವರಿಗೆ ಹೇಳಿರಲಿಲ್ಲ. ಬೋಲ್ಟುಗಳನ್ನೆಲ್ಲ ಒರೆಸಿ, ಮೊದಲಿನಿಂದ ಒಂದೊಂದನ್ನೇ ಬಿಗಿ ಮಾಡಿ. ಸಂಜೆ ನಾನೂ ಸ್ಪ್ಯಾನರ್ ಹಾಕಿ ನೋಡುತ್ತೇನೆ. ನಂಬಿಕೆ ಇಲ್ಲವಾ ಎಂದು ಕೇಳಬೇಡಿ, ಇಲ್ಲ.

ಹನ್ನೊಂದಕ್ಕೆ ಆಸ್ಪತ್ರೆಯಿಂದ ಅಕ್ಕನನ್ನೂ ಮಗುವನ್ನೂ ಆಟೋದಲ್ಲಿ ಕರೆತನ್ನಿ. ನಿಧಾನವಾಗಿ ಹೋಗಲು ಹೇಳಿ. ಮೊಮ್ಮಗ ಮೊದಲ ಸಲ ನಿಮ್ಮ ಕಾರಿನಲ್ಲೇ ಮನೆಗೆ ಬರಬೇಕು ಎಂಬ ಆಸೆ ನನಗೂ ಗೊತ್ತು. ಆದರೆ ಅವನಿಗೆ ಇನ್ನೂ ಹೆಸರು ಕೂಡ ಇಟ್ಟಿಲ್ಲ ಅಪ್ಪ.

ಸಿಂಚನ